ಉಪ್ಪು ಹಾಕಿದ ಐಸು

ಲಸಿಕೆಗೆ ಬಿಸಿ ತಾಗಬಾರದು ಎಂದು ನಮ್ಮ ಇಲಾಖೆ ನಮಗೆ ಎಷ್ಟು ಸಲ ಹೇಳಿತ್ತೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆವು. ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ಸೂರ್ಯನ ಮೇಲೆ ದಪ್ಪ ಕೆಂಪು ಗೀಟು. ತರಬೇತಿಯಲ್ಲೂ ಅದೇ ಮಾತು, ತಪಾಸಣೆಗೆ ಬಂದವರ ಬಾಯಲ್ಲೂ ಅದೇ ಮಾತು: ತಣ್ಣಗಿರಲಿ, ತಣ್ಣಗಿರಲಿ. ತಣ್ಣಗಾಗುವುದಕ್ಕೂ ಒಂದು ಮಿತಿ ಇದೆ, ಅದನ್ನು ದಾಟಿ ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳು ಕೆಟ್ಟೇಹೋಗುತ್ತವೆ ಎಂಬುದನ್ನು ಮಾತ್ರ ಊಟದ ಹೊತ್ತು ಮೀರುತ್ತಿದ್ದಾಗ ಗಡಿಬಿಡಿಯಲ್ಲಿ ಒಂದೇ ಸಲ ಹೇಳಿ ಮುಗಿಸಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಆಡಿಕೊಳ್ಳುವುದುಂಟು. ಈ ಒಂದು ವಿಷಯಕ್ಕೆ ಬಂದ ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ.

ಎಂಬತ್ತರ ದಶಕದ ನಡುಭಾಗದಲ್ಲಿ ನಾನು ಹೊಸನಗರ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿದ್ದೆ. ನಮಗಿದ್ದದ್ದು ಒಂದು ಸೀಮೆಎಣ್ಣೆ ಫ್ರಿಜ್ಜು. ಅದರ ಬತ್ತಿ ಒಂದು ದಿನ ಹೊಗೆ ಉಗುಳುತ್ತಿತ್ತು, ಇನ್ನೊಂದು ದಿನ ಆರಿಹೋಗುತ್ತಿತ್ತು. ಹಾಗಾಗಿ ಲಸಿಕೆಯನ್ನು ನಾವು ಕೂಡಿಡುತ್ತಿರಲಿಲ್ಲ. ಬೇಕಾದ ದಿನ ಜೀಪು ಸಾಗರಕ್ಕೆ ಹೋಗಿ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಬರುತ್ತಿತ್ತು. ತರುವ ಜವಾಬ್ದಾರಿ ನಮ್ಮ ಡ್ರೈವರದ್ದು. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರು. ಸರ್ಕಾರಿ ಕೆಲಸಕ್ಕೆ ಸೇರುವ ಮೊದಲು ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತಿಸಿ ಮೀನಿನ ಲಾರಿ ಓಡಿಸುತ್ತಿದ್ದವರು. ಆ ಘಾಟಿಯಲ್ಲಿ ಲಾರಿ ಓಡಿಸಿದವನಿಗೆ ಬೇರೆ ರಸ್ತೆಯೆಲ್ಲ ಮನೆಯಂಗಳ ಎಂದು ಅವರು ಹೇಳುತ್ತಿದ್ದರು. ಹಾಗೇ ಓಡಿಸುತ್ತಿದ್ದರು ಕೂಡ, ಪಕ್ಕದಲ್ಲಿ ಕೂತವರ ಜೀವ ಬಾಯಿಗೆ ಬರುವ ಹಾಗೆ.

ಅವರ ಒಬ್ಬಳೇ ಮಗಳನ್ನು ಹಿನ್ನೀರಿನ ಅಂಚಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಎಲ್ಲ ನೀರಿಗೆ ಬಿಟ್ಟು ಮೇಲಕ್ಕೆ ಬಂದು ಕೂತವರ ಊರು ಅದು. ಅಲ್ಲಿಯವರಿಗೆ ಸರ್ಕಾರದ ಜೀಪು ಕಂಡರೆ ಆಗುತ್ತಿರಲಿಲ್ಲ. ಹಿಂದೆ ಜೀಪಿನಲ್ಲಿ ಬಂದವರು ಕೊಟ್ಟ ಮಾತು ಎಷ್ಟು ಉಳಿದಿತ್ತೆಂಬುದು ಅವರಿಗೆ ಗೊತ್ತಿತ್ತು. ಚುಚ್ಚುಮದ್ದು ಎಂದರೆ ಮಕ್ಕಳನ್ನು ಒಳಕ್ಕೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮ ನರ್ಸು ಎರಡು ವರ್ಷ ಆ ಊರಿಗೆ ನಡೆದು ನಡೆದು ಚಪ್ಪಲಿ ಸವೆಸಿದ್ದಳು.

ಈ ಕತೆ ನಡೆದದ್ದಕ್ಕೆ ಹಿಂದಿನ ಚಳಿಗಾಲದಲ್ಲಿ ಆ ಊರಿಗೆ ಗಂಟಲುಮಾರಿ ಬಂತು. ಮೊದಲು ಹೋದದ್ದು ಡ್ರೈವರ ಮೊಮ್ಮಗ. ಎರಡು ವರ್ಷದ, ಮಾತು ಕಲಿಯುತ್ತಿದ್ದ ಹುಡುಗ. ನನ್ನ ಬಳಿ ತಂದಾಗ ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿಬಿಟ್ಟಿತ್ತು. ಉಸಿರಿಗಾಗಿ ಅದರ ಪಕ್ಕೆಲುಬು ಒಳಗೆ ಸೇದಿಕೊಳ್ಳುವುದು ಕಾಣುತ್ತಿತ್ತು. ನಮ್ಮಲ್ಲಿ ಮಾಡುವಂಥದ್ದೇನೂ ಇರಲಿಲ್ಲ. ತಾಯಿಯನ್ನೂ ಮಗುವನ್ನೂ ಜೀಪಿನಲ್ಲಿ ಹತ್ತಿಸಿಕೊಂಡು ತೀರ್ಥಹಳ್ಳಿಯ ದೊಡ್ಡ ಆಸ್ಪತ್ರೆಯ ಕಡೆ ಹೊರಟೆವು. ಪೇಟೆ ಇನ್ನೂ ದೂರವಿದ್ದಾಗಲೇ, ಒಂದು ತಿರುವಿನಲ್ಲಿ, ಮಗು ಉಸಿರು ನಿಲ್ಲಿಸಿತು. ನಾನು ನಿಲ್ಲಿಸಿ ಎಂದೆ. ಡ್ರೈವರು ನಿಲ್ಲಿಸಲಿಲ್ಲ. ಮುಗಿಯಿತು ಎಂದು ಎರಡನೆಯ ಸಲ ಹೇಳಿದ ಮೇಲೂ ಬಹಳ ದೂರ ಓಡಿಸಿದರು.

ಆ ಸಾವಿನ ಮೇಲೆ ಊರಿನಲ್ಲಿ ಇನ್ನೂ ಮಕ್ಕಳು ಹೋದವು. ಬಸುರಿಯಾಗಿದ್ದ ಡ್ರೈವರ ಮಗಳು ಚಳಿ ಇಳಿಯುವ ಹೊತ್ತಿಗೆ ಹೆಣ್ಣುಮಗುವಿನ ತಾಯಿಯಾದಳು. ಬಾಣಂತನ ಮುಗಿದದ್ದೇ ತಡ, ಮನೆಯಿಂದ ಮನೆಗೆ ಹೋಗಿ, ಈ ಸಲ ಎಲ್ಲರೂ ಮಕ್ಕಳಿಗೆ ಸೂಜಿ ಹಾಕಿಸಿ ಎಂದು ಕೈಮುಗಿದು ಕೇಳಿಕೊಂಡವಳು ಅವಳೇ. ಅವಳ ಅತ್ತೆ ಆ ಊರಿನ ಹೆಂಗಸರಲ್ಲೆಲ್ಲ ಬಾಯಿ ಜೋರು, ಒಪ್ಪಿಸುವುದು ಬಲು ಕಷ್ಟ. ಕೊನೆಗೆ ಆಕೆ, 'ಒಂದು ಸಲ, ಒಂದೇ ಒಂದು ಸಲ ಬತ್ತೀವಿ. ಸುಳ್ಳಾದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡಿ' ಎಂದು ನರ್ಸಿಗೆ ಹೇಳಿ ಕಳಿಸಿದರು.

ಆ ಒಂದು ಸಲಕ್ಕೆ ನಾವು ದಿನ ಗೊತ್ತು ಮಾಡಿದೆವು. ಡ್ರೈವರು ಹಿಂದಿನ ಸಂಜೆಯೇ ಸಾಗರಕ್ಕೆ ಹೋದರು. ಅಲ್ಲಿ ಕರೆಂಟು ಹೋಗಿತ್ತಂತೆ. ನಾಡಿಗೆಲ್ಲ ದೀಪ ಹಚ್ಚುವ ಹೊಳೆ ನಮ್ಮದು, ನಮ್ಮ ಮನೆಗಳಲ್ಲಿ ಬುಡ್ಡಿದೀಪ. ಇದನ್ನು ಬೈದೂ ಬೈದೂ ನಮಗೆ ಸಾಕಾಗಿತ್ತು. ಪೆಟ್ಟಿಗೆಯಲ್ಲಿ ಲಸಿಕೆಯ ಸುತ್ತ ಇಡಬೇಕಾದ ನೀರಿನ ಡಬ್ಬಿಗಳು ಗಟ್ಟಿಯೇ ಆಗಿರಲಿಲ್ಲ. ಆದರೆ ಬೆಳಿಗ್ಗೆ ಅವರು ನನ್ನ ಮನೆ ಮುಂದೆ ಜೀಪು ನಿಲ್ಲಿಸಿದಾಗ ಮುಖ ಅರಳಿತ್ತು.

'ಹೆದ್ರಬೇಡಿ ಡಾಕ್ಟ್ರಮ್ಮ, ವ್ಯವಸ್ಥೆ ಮಾಡೀನಿ. ಐಸು ಅಂದ್ರೆ ಅಂತಿಂಥ ಐಸಲ್ಲ. ಸಂಜೆವರೆಗೂ ಕರಗಾಕಿಲ್ಲ.'

ಮುಚ್ಚಳ ಪದೇ ಪದೇ ತೆರೆಯಬಾರದೆಂಬುದು ನಮ್ಮ ನಿಯಮ. ನಾನು ತೆರೆಯಲಿಲ್ಲ. ಕರಗಿಲ್ಲವೆಂದರೆ ಸರಿ ಎಂದುಕೊಂಡು ಹತ್ತಿ ಕೂತೆ. ದಾರಿಯುದ್ದಕ್ಕೂ ಪೆಟ್ಟಿಗೆಗೆ ಬಿಸಿಲು ಬೀಳದ ಹಾಗೆ ಅವರ ಟವೆಲ್ಲು ಹೊದಿಸಿತ್ತು.

ಶಾಲೆಯ ಜಗುಲಿಯ ತುಂಬ ಜನ. ಎರಡು ವರ್ಷದಲ್ಲಿ ನಾನು ಆ ಊರಿನಲ್ಲಿ ಅಷ್ಟು ಮಕ್ಕಳನ್ನು ಒಟ್ಟಿಗೆ ನೋಡಿರಲಿಲ್ಲ. ಸೊಂಟದ ಮೇಲೆ, ಹೆಗಲ ಮೇಲೆ, ಸೆರಗಿನೊಳಗೆ. ಎಣ್ಣೆ ಹಚ್ಚಿ ತಲೆ ಬಾಚಿ, ದೃಷ್ಟಿಬೊಟ್ಟು ಇಟ್ಟು ಕರೆತಂದಿದ್ದರು. ಕಾಡಿನಲ್ಲಿ ಉದುರಿದ ಒಣ ಎಲೆ, ದರಗು, ಗುಡಿಸಿ ತುಂಬಲು ಕೂಲಿಯವರನ್ನು ಕರೆದೊಯ್ಯುವ ಲಾರಿ ರಸ್ತೆಯಲ್ಲಿ ಕಾಯುತ್ತಿತ್ತು. ಬೇಗ ಮುಗಿಸಿಕೊಡಿ, ಒಂದು ಹೊತ್ತಿನ ಕೂಲಿಯಾದರೂ ಸಿಗಲಿ ಎಂದು ಹೆಂಗಸರು ಆಗಲೇ ಅವಸರ ಮಾಡುತ್ತಿದ್ದರು. ಡ್ರೈವರ ಮಗಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಗುವಿನ ತೊಡೆಯನ್ನು ಆಗಲೇ ಬಿಚ್ಚಿ ಹಿಡಿದಿದ್ದಳು.

ಮುಚ್ಚಳ ತೆರೆದು ಕೈ ಹಾಕಿದೆ. ಬೆರಳು ಚುರ್ ಎಂದಿತು. ಐಸಿನ ತಂಪು ನನಗೆ ಗೊತ್ತು. ಇದು ಅದಲ್ಲ, ಕಚ್ಚುವ ಚಳಿ. ಡಬ್ಬಿಗಳಿರಬೇಕಾದ ಜಾಗದಲ್ಲೆಲ್ಲ ಪುಡಿ ಐಸು ಇತ್ತು. ಲಸಿಕೆಯ ಸೀಸೆಗಳನ್ನು ನೇರ ಅದರೊಳಗೇ ಹುಗಿದಿದ್ದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನೂ ತಡೆಯುವ ತ್ರಿಗುಣ ಲಸಿಕೆಯ ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದೆ. ಹಾಲಿನಂತೆ ಕದಲಬೇಕಾದದ್ದು ಕದಲಲಿಲ್ಲ. ಗಾಜಿನೊಳಗೆ ಗಟ್ಟಿಯಾಗಿ ಕೂತಿತ್ತು.

ಪೆಟ್ಟಿಗೆಯ ತಳದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿದೆ. ಡಾಕ್ಟರು ಮಾಡುವ ಕೆಲಸವಲ್ಲ. ಬಾಯೆಲ್ಲ ಉಪ್ಪಾಯಿತು.

'ಈ ಐಸು ಎಲ್ಲಿಂದ ತಂದ್ರಿ?'

'ಮೀನು ಮಾರ್ಕೆಟ್ಟಿಂದ ಅಮ್ಮಾ. ಭಟ್ಕಳದ ಲಾರಿ ಬಂದಿತ್ತು, ನನ್ನ ಹಳೇ ದೋಸ್ತಿಯವ್ರು. ಮೇಲಿಂದ ನಾನೇ ಎರಡು ಬೊಗಸೆ ಕಲ್ಲುಪ್ಪು ಹಾಕ್ದೆ. ಬರೀ ಐಸಾದ್ರೆ ಘಾಟಿ ಹತ್ತೋದ್ರೊಳಗೆ ನೀರಾಗ್ತದೆ. ಉಪ್ಪು ಬಿದ್ರೆ ಚಳಿ ಏರ್ತದೆ. ಬಂಗ್ಡೆ ಮೀನು ಮೂರು ದಿನ ಇಟ್ರೂ ಕಿವಿರು ಕೆಂಪಗೇ ಇರ್ತದೆ.'

ಅವರ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಉಪ್ಪು ಬಿದ್ದ ಐಸು ಬರಿಯ ಐಸಿಗಿಂತ ತಣ್ಣಗಾಗುತ್ತದೆ. ಮೀನಿಗೆ ಅದೇ ಬೇಕು. ಆದರೆ ನನ್ನ ಸಿಟ್ಟಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು?

'ಮಕ್ಕಳ ಔಷಧ ಇದು! ಬಂಗ್ಡೆ ಅಂದ್ಕೊಂಡ್ರಾ?' ಎಂದು ಕಿರುಚಿದೆ. ಜಗುಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡ್ರೈವರು ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದರು. ಏನು ತಪ್ಪಾಯಿತೆಂದು ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ತಣ್ಣಗಿರಲಿ ಎಂದು ನಾವೆಲ್ಲ ಅವರಿಗೆ ಹೇಳಿದ್ದೆವು, ಅವರು ಎಲ್ಲರಿಗಿಂತ ತಣ್ಣಗೆ ತಂದಿದ್ದರು.

ನರ್ಸು ನನ್ನನ್ನು ತರಗತಿಯೊಳಕ್ಕೆ ಎಳೆದುಕೊಂಡು ಹೋದಳು. 'ಮೇಡಂ, ದಯವಿಟ್ಟು ಜೋರಾಗಿ ಮಾತಾಡ್ಬೇಡಿ. ಕರಗಿದ ಮೇಲೆ ನೋಡೋಕೆ ಎಲ್ಲಾ ಒಂದೇ ಥರ. ಇವತ್ತು ಇದನ್ನೇ ಹಾಕಿಬಿಡೋಣ. ಮುಂದಿನ ತಿಂಗಳು ಹೇಗೂ ಎರಡನೇ ಡೋಸು ಇದೆ, ಒಳ್ಳೇದು ತಂದು ಹಾಕಿದ್ರಾಯ್ತು. ಇವರನ್ನ ಬರಿಗೈಲಿ ಕಳಿಸಿದ್ರೆ ಈ ಊರು ನಮ್ಮ ಕೈ ಬಿಟ್ಟ ಹಾಗೇ.'

ಅವಳು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಎರಡು ವರ್ಷ ನಡೆದವಳು ಅವಳು, ನಾನಲ್ಲ. ಆದರೆ ಹೆಪ್ಪುಗಟ್ಟಿ ಕೆಟ್ಟ ಲಸಿಕೆ ಚುಚ್ಚಿದರೆ ತೊಡೆಯಲ್ಲಿ ಗಂಟು ಏಳಬಹುದು, ಬಾವಾಗಬಹುದು. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ಸೂಜಿ ಹಾಕಿಸಿದ್ದೇವೆ, ಇನ್ನು ಹೆದರಿಕೆಯಿಲ್ಲ ಎಂದು ತಾಯಂದಿರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಮುಂದಿನ ಚಳಿಗಾಲಕ್ಕೆ ಗಂಟಲುಮಾರಿ ಬಂದರೆ ಮಕ್ಕಳ ಮೈಯಲ್ಲಿ ತಡೆಯುವುದೇನೂ ಇರುವುದಿಲ್ಲ. ಆ ನಿಶ್ಚಿಂತೆಯನ್ನು ನನ್ನ ಕೈಯಾರೆ ಕೊಡಲು ನನಗೆ ಧೈರ್ಯ ಬರಲಿಲ್ಲ.

'ಎಲ್ಲಾ ಸೀಸೆಯೂ ಕೆಟ್ಟಿದೆ ಅಂತ ಏನು ಗ್ಯಾರಂಟಿ?' ಎಂದಳು ಅವಳು. ಅದು ಸರಿಯಾದ ಪ್ರಶ್ನೆ. ತರಬೇತಿಯಲ್ಲಿ ಊಟದ ಹೊತ್ತಿನ ಗಡಿಬಿಡಿಯಲ್ಲಿ ತೋರಿಸಿದ್ದ ಪರೀಕ್ಷೆ ನೆನಪಾಯಿತು. ಖಂಡಿತ ಹೆಪ್ಪುಗಟ್ಟಿದ್ದ ಸೀಸೆಯನ್ನು ಕರಗಿಸಬೇಕು. ಅನುಮಾನವಿರುವ ಸೀಸೆಗಳ ಜೊತೆ ಅದನ್ನೂ ಜೋರಾಗಿ ಅಲ್ಲಾಡಿಸಿ, ಸಾಲಾಗಿ ನಿಲ್ಲಿಸಿ, ಕಾಯಬೇಕು. ಚೆನ್ನಾಗಿರುವುದು ಹಾಲಿನ ಹಾಗೆ ಕದಡಿಕೊಂಡೇ ಇರುತ್ತದೆ. ಕೆಟ್ಟದ್ದು ಇಟ್ಟ ಮಜ್ಜಿಗೆಯಂತೆ ಬೇಗ ಬೇಗ ಒಡೆದು, ಗಸಿ ಕೆಳಗೆ ಕೂತು, ಮೇಲೆ ತಿಳಿನೀರಾಗುತ್ತದೆ.

ಮೇಷ್ಟರ ಮೇಜನ್ನು ಜಗುಲಿಗೆ ತರಿಸಿದೆ. ಮುಚ್ಚಿಟ್ಟು ಮಾಡುವುದು ಬೇಡವೆನಿಸಿತು. ಹೆಪ್ಪುಗಟ್ಟಿದ್ದನ್ನು ಅಂಗೈಯಲ್ಲಿ ಹಿಡಿದು ಕರಗಿಸಿದೆ. ಎಲ್ಲವನ್ನೂ ಅಲ್ಲಾಡಿಸಿ ನಿಲ್ಲಿಸಿದೆ. ಅಷ್ಟರಲ್ಲಿ ನರ್ಸು ಮಕ್ಕಳಿಗೆ ಪೋಲಿಯೋ ಹನಿ ಹಾಕತೊಡಗಿದಳು. ಅದು ಹೆಪ್ಪುಗಟ್ಟಿದರೂ ಕೆಡುವುದಿಲ್ಲ. ಡ್ರೈವರ ಮಗಳ ಅತ್ತೆ ಇದನ್ನು ಗಮನಿಸದೇ ಬಿಡುತ್ತಾರೆಯೇ?

'ಒಂದೇ ಪೆಟ್ಟಿಗೇಲಿ ಬಂದಿದ್ದು. ಅದು ಚಲೋ, ಇದು ಹಾಳಾ? ಯಾರಿಗೆ ಹೇಳ್ತೀರಿ ಈ ಕತೆ?'

'ಹಾಳು ಅಂತ ಇನ್ನೂ ಹೇಳಿಲ್ಲ ಅಮ್ಮ. ನೋಡ್ತಾ ಇದೀನಿ.'

'ನೋಡಿ, ನೋಡಿ. ಊರು ಮುಳುಗೋಕೆ ಮುಂಚೆನೂ ಸರ್ಕಾರದೋರು ಹಿಂಗೇ ಮೇಜು ಹಾಕ್ಕೊಂಡು ಕೂತಿದ್ರು.'

ರಸ್ತೆಯಲ್ಲಿ ಲಾರಿ ಹಾರ್ನು ಹೊಡೆಯಿತು. ಮೂರು ನಾಲ್ಕು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮಗುವನ್ನು ತನ್ನ ತಾಯಿಯ ಕೈಗೆ ಕೊಟ್ಟು ಹೊರಟೇಹೋದಳು. ಬಿಸಿಲು ಏರುತ್ತಿತ್ತು, ಮಕ್ಕಳು ರಚ್ಚೆ ಹಿಡಿದಿದ್ದವು. ಡ್ರೈವರು ಮೇಜಿನ ಎದುರು ಕುಕ್ಕರಗಾಲಲ್ಲಿ ಕೂತು, ಸೀಸೆಗಳ ಮಟ್ಟಕ್ಕೆ ಕಣ್ಣು ತಂದು ನೋಡುತ್ತಿದ್ದರು. ಏನನ್ನು ನೋಡಬೇಕೆಂದು ನಾನು ಹೇಳಿದ್ದೆ. ಹೆಪ್ಪುಗಟ್ಟಿದ್ದ ಸೀಸೆಯ ಕತ್ತಿನ ಬಳಿ ಮೊದಲು ಒಂದು ಗೆರೆಯಷ್ಟು ತಿಳಿಯಾಯಿತು. ಅದರ ಪಕ್ಕದ್ದೂ ತಿಳಿಯಾಯಿತು. ಆಮೇಲೆ ಅದರ ಪಕ್ಕದ್ದು.

'ಈ ತುದೀದು ಇನ್ನೂ ಬೆಳ್ಳಗೈತೆ ಅಮ್ಮಾ. ಇದೊಂದು ಉಳ್ದಿರ್ಬೋದು, ಅಲ್ವಾ?' ಅವರ ದನಿ ಬದಲಾಗಿತ್ತು. ಹತ್ತು ಮಕ್ಕಳಿಗಾಗುವ ಸೀಸೆ ಅದು. ನಾನೂ ಅದನ್ನೇ ನೋಡುತ್ತ, ಉಳಿಯಲಿ ದೇವರೇ ಎಂದು ಬೇಡಿಕೊಂಡೆ. ಅದರೊಳಗೂ ಗಸಿ ನಿಧಾನವಾಗಿ ಇಳಿಯತೊಡಗಿತು. ಅವರು ಕಣ್ಣು ಮುಚ್ಚಿಕೊಂಡರು.

ನಾನು ಎದ್ದು, ಔಷಧ ಕೆಟ್ಟಿದೆ, ಇವತ್ತು ಸೂಜಿ ಹಾಕುವುದಿಲ್ಲ ಎಂದೆ. ಗಲಾಟೆ ಎದ್ದಿತು. ಯಾರು ಏನೆಂದರೋ ಒಂದೂ ಸರಿಯಾಗಿ ಕೇಳಿಸಲಿಲ್ಲ. ಆ ಗದ್ದಲದ ನಡುವೆ ಡ್ರೈವರು ಎದ್ದು ಮಗಳ ಎದುರು ಹೋಗಿ ನಿಂತರು.

'ನಾನೇ ಕೆಡಿಸಿದ್ದು ಮಗಾ. ಡಾಕ್ಟ್ರಮ್ಮಂದು ಏನೂ ತಪ್ಪಿಲ್ಲ. ಚಲೋ ಆಗ್ಲಿ ಅಂತ ಮೀನಿನ ಐಸು ಹಾಕ್ದೆ.'

ಮಗಳು ಅಪ್ಪನನ್ನು ನೋಡುತ್ತಲೇ ಇದ್ದಳು. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಮಗುವಿನ ತೊಡೆಯ ಮೇಲೆ ಬಟ್ಟೆ ಎಳೆದು ಮುಚ್ಚಿದಳು. ನಂತರ ನನ್ನ ಕಡೆ ತಿರುಗಿ, 'ಚಲೋ ಔಷಧ ಎಲ್ಲೂ ಇಲ್ವಾ?' ಎಂದು ಕೇಳಿದಳು.

ಸಾಗರದಲ್ಲಿ ಕರೆಂಟಿಲ್ಲ, ಅಲ್ಲಿ ಉಳಿದಿದ್ದ ಲಸಿಕೆಯನ್ನು ನಂಬುವಂತಿರಲಿಲ್ಲ. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ನನ್ನ ಸಹಪಾಠಿಯೊಬ್ಬಳು ಇದ್ದಳು. ಅವಳಿಗೆ ಲಸಿಕೆ ಶಿವಮೊಗ್ಗದಿಂದ ನೇರವಾಗಿ ಬರುತ್ತಿತ್ತು. ಇರಬಹುದು, ಆದರೆ ತಂದು ಮುಟ್ಟಿಸುವಷ್ಟರಲ್ಲಿ ಸಂಜೆಯಾಗುತ್ತದೆ. ತರಲು ಒಳ್ಳೆಯ ಐಸೂ ಬೇಕು. ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ಅತ್ತೆ ನಡುವೆ ಬಾಯಿ ಹಾಕಿದರು.

'ಎಂತ ಐಸು ಐಸು ಅಂತೀರಾ? ಔಷಧ ತರೋಕಲ್ವಾ ಐಸು ಬೇಕು? ಮಕ್ಳನ್ನ ಒಯ್ಯೋಕೆ ಬೇಕಾ?'

ಪೆಟ್ಟಿಗೆ ಹೊತ್ತು ಹಳ್ಳಿಗೆ ಹೋಗುವುದೇ ಕೆಲಸವೆಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆಕೆ ಸೊಸೆಯನ್ನು ಮುಂದೆ ತಳ್ಳಿದರು. 'ಹತ್ತು. ನಾನೂ ಬತ್ತೀನಿ. ಸುಳ್ಳೋ ನಿಜವೋ ಅಲ್ಲೇ ನೋಡಿಬಿಡಣ.'

ಆಕೆ ಹತ್ತಿದ ಮೇಲೆ ಇನ್ನೂ ಕೆಲವರು ಹತ್ತಿದರು. ಜೀಪಿನ ಬೆಂಚಿನ ಮೇಲೆ, ಕೆಳಗೆ, ಒಬ್ಬರ ಮಡಿಲಲ್ಲಿ ಇನ್ನೊಬ್ಬರ ಮಗು. ನರ್ಸು ಇನ್ನೊಂದಷ್ಟು ತಾಯಂದಿರನ್ನು ಕರೆದುಕೊಂಡು ಬಸ್ಸು ಹಿಡಿಯಲು ರಸ್ತೆಗೆ ನಡೆದಳು. ಉಳಿದವರು ಮನೆಗೆ ಹೋದರು. ಅವರಲ್ಲಿ ಕೆಲವರನ್ನು ಮತ್ತೆ ಒಪ್ಪಿಸಲು ನಮಗೆ ಬಹಳ ಕಾಲ ಹಿಡಿಯಿತು. ಕೆಲವರು ಒಪ್ಪಲೇ ಇಲ್ಲ.

ಡ್ರೈವರು ಮಾತ್ರ ಕೀಲಿ ಹಿಡಿದು ಜೀಪಿನ ಪಕ್ಕ ನಿಂತೇ ಇದ್ದರು. ಯಾವ ರಸ್ತೆ ಎಂದು ನನಗೆ ಆಗ ಹೊಳೆಯಿತು. ಆ ಸಾವಿನ ನಂತರ ಅವರು ತೀರ್ಥಹಳ್ಳಿ ಕಡೆಗೆ ಜೀಪು ಓಡಿಸಿರಲಿಲ್ಲ. ಏನಾದರೊಂದು ನೆಪ ಹೇಳುತ್ತಿದ್ದರು, ನಾವೂ ಒತ್ತಾಯ ಮಾಡುತ್ತಿರಲಿಲ್ಲ. 'ನಡಿ ಅಪ್ಪಯ್ಯ' ಎಂದಳು ಮಗಳು ಒಳಗಿನಿಂದ.

ಅಷ್ಟು ನಿಧಾನವಾಗಿ ಅವರು ಓಡಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಕ್ಕಳು ಅತ್ತು ಅತ್ತು ಮಲಗಿದವು. ಮಲಗಿದ್ದು ಇನ್ನೂ ಕಷ್ಟವಾಯಿತು, ಅಳು ನಿಂತಾಗಲೆಲ್ಲ ಅವರು ಹಿಂದೆ ತಿರುಗಿ ನೋಡುತ್ತಿದ್ದರು. ನನಗೆ ನನ್ನದೇ ಚಿಂತೆ. ತೀರ್ಥಹಳ್ಳಿಯಲ್ಲಿ ಲಸಿಕೆ ಮುಗಿದಿದ್ದರೆ? ಅಲ್ಲಿಯದೂ ಎಲ್ಲೋ ದಾರಿಯಲ್ಲಿ ಹೆಪ್ಪುಗಟ್ಟಿದ್ದರೆ? ಇಷ್ಟು ಜನರನ್ನು ಎರಡನೆಯ ಸಲ ಬರಿಗೈಯಲ್ಲಿ ಕರೆತರುವುದಾದರೆ ನಾನು ಆ ಊರಿಗೆ ಹೇಗೆ ಕಾಲಿಡಲಿ? ಆ ತಿರುವು ಬಂತು. ಜೀಪು ತೆವಳುವಷ್ಟು ನಿಧಾನವಾಯಿತು. ಅವರ ಕಾಲು ಬ್ರೇಕಿನ ಮೇಲೆ ಹೋಗಿತ್ತು.

'ನಿಲ್ಲಿಸ್ಬೇಡ' ಎಂದಳು ಮಗಳು. ಅವರು ನಿಲ್ಲಿಸಲಿಲ್ಲ.

ಸಹಪಾಠಿ ಹೊರರೋಗಿಗಳನ್ನು ನೋಡಿ ಮುಗಿಸಿ ಊಟಕ್ಕೆ ಹೊರಟಿದ್ದಳು. ಜೀಪಿನಿಂದ ಇಳಿಯುತ್ತಲೇ ಇದ್ದ ತಾಯಂದಿರನ್ನು ನೋಡಿ ಬ್ಯಾಗು ಕೆಳಗಿಟ್ಟಳು. ಲಸಿಕೆ ಇತ್ತು. ನನಗೆ ಅಷ್ಟು ಸಾಲಲಿಲ್ಲ, ಅಲ್ಲಾಡಿಸಿ ತೋರಿಸು ಎಂದೆ. ಅವಳಿಗೆ ತುಸು ಸಿಟ್ಟು ಬಂತು, ಆದರೂ ನನ್ನ ಮುಖ ನೋಡಿ ಒಪ್ಪಿಕೊಂಡಳು. ಸೀಸೆಯನ್ನು ಅಲ್ಲಾಡಿಸಿ ಕಿಟಕಿಯ ಮೇಲಿಟ್ಟಳು. ಊರಿನ ಹೆಂಗಸರೆಲ್ಲ ಸುತ್ತ ನೆರೆದರು. ಏನನ್ನು ನೋಡಬೇಕೆಂದು ಈಗ ಅವರಿಗೂ ಗೊತ್ತಿತ್ತು. ಕಾದೆವು. ಗಸಿ ಇಳಿಯಲಿಲ್ಲ. ಮತ್ತೂ ಕಾದೆವು. ಅದು ಹಾಲಿನ ಹಾಗೆ ಬೆಳ್ಳಗೇ ನಿಂತಿತ್ತು. 'ಹ್ಞೂಂ, ಇದು ಹೌದು' ಎಂದು ಅತ್ತೆಯೇ ಮೊದಲು ಹೇಳಿದರು. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮೊದಲು ಡ್ರೈವರ ಮಗಳನ್ನು ಕರೆದೆ. ಅವಳು ಸುತ್ತ ನೋಡಿ, 'ಅಪ್ಪಯ್ಯ ಎಲ್ಲಿ?' ಎಂದಳು. ಅವರು ಒಳಗೆ ಬಂದಿರಲಿಲ್ಲ. ಹೊರಗೆ ಜೀಪಿನ ಬಾನೆಟ್ಟಿಗೆ ಕೈ ಊರಿ, ಆಸ್ಪತ್ರೆಗೆ ಬೆನ್ನು ಹಾಕಿ ನಿಂತಿದ್ದರು. ಅವಳು ಮಗುವಿನೊಂದಿಗೆ ಹೊರಗೆ ಹೋದಳು. ಸೂಜಿ ಹಿಡಿದು ನಾನೂ ಬಾಗಿಲವರೆಗೆ ಹೋದೆ.

'ಬಾ, ನೀನೇ ಹಿಡ್ಕೋ.'

'ನನ್ನ ಕೈಲಿ ಬೇಡ ಮಗಾ. ನನ್ನ ಕೈ ಸರಿಯಿಲ್ಲ.'

'ಅವತ್ತು ಅವನು ನಿನ್ನ ಹತ್ರ ಬರ್ತೀನಿ ಅಂತ ಎರಡೂ ಕೈ ಚಾಚಿದ್ದ ಅಪ್ಪಯ್ಯ. ನೀನು ಗಾಡಿ ಓಡಿಸ್ತಿದ್ದೆ, ಎತ್ಕೊಳ್ಳೋಕೆ ಆಗ್ಲಿಲ್ಲ. ಇವತ್ತು ಗಾಡಿ ನಿಂತೈತೆ. ಎತ್ಕೋ.'

ನಾನು ಆ ದಿನ ಆ ಜೀಪಿನಲ್ಲೇ ಇದ್ದೆ. ಹುಡುಗ ಕೈ ಚಾಚಿದ್ದು ಗಾಳಿಗಾಗಿ ಎಂದುಕೊಂಡಿದ್ದೆ.

ಅವರು ಅಂಗಿಗೆ ಕೈ ಒರೆಸಿಕೊಂಡು ಮಗುವನ್ನು ಎತ್ತಿಕೊಂಡರು. ಅಲ್ಲೇ ಜೀಪಿನ ಪಕ್ಕದಲ್ಲಿ, ಬಿಸಿಲಲ್ಲಿ, ನಾನು ಸೂಜಿ ಹಾಕಿದೆ. ಮಗು ಊರು ಒಂದಾಗುವಂತೆ ಅತ್ತಿತು. ಆಯಿತು, ಇನ್ನು ಬಿಡಿ ಎಂದೆ. ಅವರು ಬಿಡಲಿಲ್ಲ.